ಪೈಜೆಡಬ್ಲ್ಯೂಟಿ: ಸರ್ವರ್‌ನಲ್ಲಿ ಓಡುವ ಟೋಕನ್ ಲ್ಯಾಪ್‌ಟಾಪ್‌ನಲ್ಲಿ ಬೀಳೋದ್ಯಾಕೆ?

ಪ್ರಶ್ನೆ: ಪೈಥಾನ್‌ನ ಹಗುರ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲಿ ಬರೆದ ಸಣ್ಣ ಎಪಿಐಗೆ ಲಾಗಿನ್ ಟೋಕನ್ ಬೇಕು. ಭಾರದ ಫ್ರೇಮ್‌ವರ್ಕ್ ಬೇಡ ಅಂತ ಪೈಜೆಡಬ್ಲ್ಯೂಟಿ (ಜೆಡಬ್ಲ್ಯೂಟಿ ಅನ್ನೋ ಸಹಿ ಹಾಕಿದ ಟೋಕನ್ ಮಾಡುವ, ಪರಿಶೀಲಿಸುವ ಪೈಥಾನ್ ಲೈಬ್ರರಿ) ಹಾಕಿದ್ದೇನೆ, ಟೋಕನ್ ಆಯಸ್ಸು 15 ನಿಮಿಷ. ಸರ್ವರ್‌ನಲ್ಲಿ ಸರಿಯಿದೆ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಈಗಷ್ಟೇ ಮಾಡಿದ ಟೋಕನ್ ‘ಇಮ್ಮೆಚೂರ್ ಸಿಗ್ನೇಚರ್ ಎರರ್’ (ಟೋಕನ್‌ನ ಸಮಯ ಇನ್ನೂ ಬಂದಿಲ್ಲ ಅಂತ) ಕೊಡುತ್ತೆ. ಎಲ್ಲಿ ನೋಡಬೇಕು? ಬೇರೆ ಏನೇನು ಕೈಕೊಡುತ್ತೆ?

ಉತ್ತರ 1: ಐಎಟಿ (ಟೋಕನ್ ಹುಟ್ಟಿದ ಸಮಯ) ಜಾಗಕ್ಕೆ ಏನು ತುಂಬಿದ್ದೀರಿ ನೋಡಿ. ಬಹುತೇಕ ಡೇಟ್‌ಟೈಮ್.ನೌ() ಅಂತ ಖಾಲಿ ಆವರಣ ಇರುತ್ತೆ. ಟೈಮ್‌ಝೋನ್ ಇಲ್ಲದ ಸಮಯವನ್ನು ಈ ಲೈಬ್ರರಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತಲೇ ಓದುತ್ತೆ. ನಿಮ್ಮ ಲ್ಯಾಪ್‌ಟಾಪ್ ಭಾರತೀಯ ಸಮಯದಲ್ಲಿದೆ. ಬೆಳಿಗ್ಗೆ 10ಕ್ಕೆ ಮಾಡಿದ ಟೋಕನ್, ಲೆಕ್ಕದಲ್ಲಿ ನಮ್ಮ ಮಧ್ಯಾಹ್ನ 3:30ಕ್ಕೆ ಹುಟ್ಟುತ್ತೆ. 19,800 ಸೆಕೆಂಡ್ ಮುಂದೆ. ಸರ್ವರ್ ಗಡಿಯಾರ ಯುಟಿಸಿಯಲ್ಲೇ ಇರೋದರಿಂದ ಅಲ್ಲಿ ತಪ್ಪು ಬಯಲಾಗಲ್ಲ.

ಡೇಟ್‌ಟೈಮ್.ನೌ(ಟೈಮ್‌ಝೋನ್.ಯುಟಿಸಿ) ಅಂತ ಬರೆದರೆ ಮುಗೀತು. ಐಎಟಿಯನ್ನೇ ಕಿತ್ತುಹಾಕಿ ಅನ್ನುವವರ ಮಾತು ಕೇಳಬೇಡಿ. ಎರರ್ ಹೋಗುತ್ತೆ, ಆದರೆ ಇಎಕ್ಸ್‌ಪಿ (ಟೋಕನ್ ಮುಗಿಯುವ ಸಮಯ) ಕೂಡ ಅದೇ ತಪ್ಪು ಗಡಿಯಾರದಿಂದ ಬಂದಿದ್ದರೆ 15 ನಿಮಿಷದ ಟೋಕನ್ ಸದ್ದಿಲ್ಲದೆ 5 ಗಂಟೆ 45 ನಿಮಿಷ ಬದುಕಿರುತ್ತೆ. ಲೀವೇ (ಸಮಯ ನೋಡುವಾಗ ಕೊಡುವ ಸಡಿಲಿಕೆ) ಇರೋದು ಎರಡು ಯಂತ್ರಗಳ ಗಡಿಯಾರ ಚೂರು ಆಚೀಚೆ ಆದಾಗ. 10–30 ಸೆಕೆಂಡ್ ಸಾಕು.

ಉತ್ತರ 2: ಗಡಿಯಾರ ಸರಿಮಾಡಿದ ಮೇಲೆ ಟೋಕನ್ ಪರಿಶೀಲಿಸುವ ಡಿಕೋಡ್ ಸಾಲನ್ನು ನೋಡಿ. ಅಲ್ಗಾರಿದಮ್ಸ್ ಪಟ್ಟಿಯಲ್ಲಿ ನೀವು ಬಳಸುವ ಒಂದೇ ಹೆಸರಿರಲಿ, ಉದಾಹರಣೆಗೆ ಎಚ್‌ಎಸ್256 (ಸಹಿಗೂ ಪರಿಶೀಲನೆಗೂ ಒಂದೇ ಗುಟ್ಟಿನ ಕೀ). ಟೋಕನ್‌ನ ಹೆಡರ್ ಏನು ಹೇಳುತ್ತೋ ಅದನ್ನೇ ಈ ಪಟ್ಟಿಗೆ ತುಂಬುವ ಕೋಡ್ ಇದೆಯಲ್ಲ, ಅದು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಆರ್‌ಎಸ್256 (ಸಹಿಗೆ ಗುಟ್ಟಿನ ಕೀ, ಪರಿಶೀಲನೆಗೆ ಪಬ್ಲಿಕ್ ಕೀ) ಜೊತೆ ಎಚ್‌ಎಸ್256 ಅನ್ನೂ ಒಪ್ಪಿದರೆ, ಎಲ್ಲರಿಗೂ ಸಿಗುವ ಪಬ್ಲಿಕ್ ಕೀಯನ್ನೇ ಗುಟ್ಟಿನ ಕೀ ಮಾಡಿಕೊಂಡು ಸಹಿ ಹಾಕಿ ಕಳಿಸುವ ದಾಳಿಗೆ ದಾರಿಯಾಗುತ್ತೆ. ಈ ಜಾತಿಯ ಒಂದು ತೂತನ್ನು 2022ರಲ್ಲಿ ಪೈಜೆಡಬ್ಲ್ಯೂಟಿಯ 2.4.0 ಆವೃತ್ತಿ ಮುಚ್ಚಿತು. ಅದಕ್ಕಿಂತ ಹಳೆಯದಿದ್ದರೆ ಮೊದಲು ಏರಿಸಿ.

ಇನ್ನೊಂದು: ಇಎಕ್ಸ್‌ಪಿ ಇಲ್ಲದ ಟೋಕನ್ ಬಂದರೆ ಲೈಬ್ರರಿ ತಕರಾರು ಮಾಡಲ್ಲ, ಅದಕ್ಕೆ ಸಾವೇ ಇಲ್ಲ. ಆಪ್ಶನ್ಸ್‌ನ ರಿಕ್ವೈರ್ ಪಟ್ಟಿಯಲ್ಲಿ ಇಎಕ್ಸ್‌ಪಿ, ಸಬ್ (ಟೋಕನ್ ಯಾರದ್ದು ಅನ್ನೋದು) ಎರಡನ್ನೂ ಹಾಕಿ. ಟೋಕನ್‌ನಲ್ಲಿ ಎಯುಡಿ (ಟೋಕನ್ ಯಾವ ಸರ್ವೀಸ್‌ಗಾಗಿ ಅನ್ನೋದು) ಇದ್ದು ಡಿಕೋಡ್‌ಗೆ ಆಡಿಯನ್ಸ್ ಕೊಡದಿದ್ದರೆ ಮಾತ್ರ ಜಗಳಕ್ಕೆ ಬರುತ್ತೆ.

ಉತ್ತರ 3: ಕೀ ಬಗ್ಗೆ ಯಾರೂ ಹೇಳಲಿಲ್ಲ. ಎಚ್‌ಎಸ್256ಕ್ಕೆ ಕನಿಷ್ಠ 32 ಬೈಟ್ ಬೇಕು. ಪೈಥಾನ್‌ನ ಸೀಕ್ರೆಟ್ಸ್.ಟೋಕನ್_ಹೆಕ್ಸ್(32) ಕೊಡುವ 64 ಅಕ್ಷರವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಡಿ, ಗಿಟ್‌ಗೆ ಹೋಗದಿರಲಿ. ‘ಮೈಸೀಕ್ರೆಟ್123’ ಥರದ್ದಾದರೆ ಒಂದು ಟೋಕನ್ ಕೈಗೆ ಸಿಕ್ಕವನು ತನ್ನ ಯಂತ್ರದಲ್ಲೇ ಕೂತು ಊಹಿಸುತ್ತಾನೆ, ನಿಮ್ಮ ಲಾಗ್‌ನಲ್ಲಿ ಒಂದು ಗೆರೆಯೂ ಬೀಳಲ್ಲ. ಪರಿಶೀಲಿಸುವ ಸರ್ವೀಸ್ ಬೇರೆಯದಾದರೆ ಆರ್‌ಎಸ್256ಕ್ಕೆ ಹೋಗಿ, ಕ್ರಿಪ್ಟೋ ಎಕ್ಸ್‌ಟ್ರಾ (ಲೈಬ್ರರಿಯ ಹೆಚ್ಚುವರಿ ಭಾಗ) ಸೇರಿಸಿ ಇನ್‌ಸ್ಟಾಲ್ ಮಾಡಬೇಕು. ಸಹಿ 43 ಅಕ್ಷರದಿಂದ 342ಕ್ಕೆ ಏರುತ್ತೆ (2048 ಬಿಟ್ ಕೀ ಆದರೆ).

ಮತ್ತೆ, ಒಳಗಿನ ಪೇಲೋಡ್ ಗುಟ್ಟಲ್ಲ, ಬರೀ ಬೇಸ್64. ಯಾರು ಬೇಕಾದರೂ ಬಿಚ್ಚಿ ಓದಬಹುದು. ಫೋನ್ ನಂಬರ್ ತುರುಕಬೇಡಿ.

ಉತ್ತರ 4: ಚಿಕ್ಕ ಎಡವಟ್ಟುಗಳು. ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜು ಹಾಕುವ ಸಾಧನ) ಬರೀ ‘ಜೆಡಬ್ಲ್ಯೂಟಿ’ ಅನ್ನೋದು ಬೇರೆಯೇ ಪ್ಯಾಕೇಜು. ‘ಎನ್‌ಕೋಡ್ ಇಲ್ಲ’ ಅಂತ ಎರರ್ ಬಂದರೆ ಅದನ್ನು ತೆಗೆದು ಪೈಜೆಡಬ್ಲ್ಯೂಟಿ ಹಾಕಿ. ನಿಮ್ಮದೇ ಫೈಲಿಗೆ ಜೆಡಬ್ಲ್ಯೂಟಿ.ಪಿವೈ ಅಂತ ಹೆಸರಿಟ್ಟರೂ ಇದೇ ಗೋಳು. ಪೈಜೆಡಬ್ಲ್ಯೂಟಿ 2.10ರಿಂದ ಸಬ್ ಅಕ್ಷರರೂಪದಲ್ಲೇ ಇರಬೇಕು: ಯೂಸರ್ ಐಡಿ 42 ಅನ್ನು ಎಸ್‌ಟಿಆರ್(42) ಮಾಡಿ.

ಪ್ರಶ್ನೆ ಕೇಳಿದವರು: ಐಎಟಿ ಗುಟ್ಟು ಅದೇ, ಸರಿಹೋಯ್ತು. ಲಾಗೌಟ್ ಆದಾಗ ಟೋಕನ್ ಸಾಯಿಸೋದು ಹೇಗೆ?

ಉತ್ತರ 2: ಲೈಬ್ರರಿಗೆ ಆ ಕೆಲಸ ಬರಲ್ಲ ಸರ್. ಪ್ರತಿ ಟೋಕನ್‌ಗೆ ಜೆಟಿಐ ಅಂತ ಒಂದು ಯುಯುಐಡಿ (ಬೇರೆಲ್ಲೂ ಬರದ ಗುರುತು) ಹಾಕಿ. ಲಾಗೌಟ್ ಆದಾಗ ಅದನ್ನು ರೆಡಿಸ್‌ಗೆ (ಮೆಮೊರಿಯಲ್ಲಿ ಓಡುವ ಡೇಟಾಬೇಸ್) ಬರೆದು, ಟೋಕನ್‌ಗೆ ಉಳಿದಿರುವ ಸೆಕೆಂಡುಗಳನ್ನೇ ಅದರ ಅವಧಿ ಮಾಡಿ. ಡಿಕೋಡ್ ಪಾಸಾದ ಮೇಲೆ ಪಟ್ಟಿಯಲ್ಲಿದೆಯಾ ಅಂತ ನೋಡಿ, ಇದ್ದರೆ 401 (ಲಾಗಿನ್ ಬೇಕು ಅನ್ನೋ ಎರರ್). ಅವಧಿ ಮುಗಿದ ನಮೂದನ್ನು ರೆಡಿಸ್ ತಾನೇ ಅಳಿಸುತ್ತೆ.