ಒಕ್ಕೂಟದ ಖಾರಪುಡಿ ಘಟಕ: ಸಿಎಸ್‌ಆರ್ ಯಂತ್ರ ತಗೋಬೇಕೋ, ಹೂಡಿಕೆದಾರರ ಸಾಲ ತಗೋಬೇಕೋ?

ಎಂಬಿಕೆ_ಬ್ಯಾಡಗಿ ಕೇಳಿದ್ದು:
ನಮಸ್ಕಾರ ರೀ. ಬ್ಯಾಡಗಿ ತಾಲೂಕಿನ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟ (ಮಹಿಳಾ ಸ್ವಸಹಾಯ ಸಂಘಗಳ ಕೂಟ) ನಮ್ದು, ಸೊಸೈಟಿ ಅಂತ ನೋಂದಣಿ ಆಗೈತಿ. ತಿಂಗಳಿಗೆ 500 ಕಿಲೋ ಖಾರಪುಡಿ ಮಾಡೋ ಘಟಕ ಹಾಕೋ ವಿಚಾರ. ಒಂದು ಕಂಪನಿ ಎನ್‌ಜಿಒ ಮೂಲಕ 8 ಲಕ್ಷದ ಯಂತ್ರ ಸಿಎಸ್‌ಆರ್‌ನ್ಯಾಗ (ಕಂಪನಿಗಳು ಸಮಾಜಕ್ಕಂತ ಖರ್ಚು ಮಾಡೋ ರೊಕ್ಕದಾಗ) ಕೊಡ್ತೀವಿ ಅಂದೈತಿ. ಸಿಂಗಪುರ ಮೂಲದ ಸಾಮಾಜಿಕ ಹೂಡಿಕೆದಾರರು 20 ಲಕ್ಷ ಸಾಲ, ಶೇ. 8 ಬಡ್ಡಿ, 3 ವರ್ಷ, ಮುಂದಿನ ತಿಂಗಳಿಂದಲೇ ಕಂತು ಅಂತಾರ. ಬೇಕಾದ್ರ ಷೇರನ್ನೂ ತಗೋತಾರಂತ. ಯಂತ್ರ ಪುಕ್ಕಟೆ ಬಂದ್ಮ್ಯಾಲೆ ಸಾಲ ಯಾಕ ಅಂತ ಅರ್ಧ ಮಂದಿ ಕೇಳಾಕತ್ತಾರ. ಏನ್ ಮಾಡೋದು?

ಲೆಕ್ಕಪತ್ರ_ಹುಬ್ಬಳ್ಳಿ:
ಖಾರಪುಡಿ ಧಂದೆಯೊಳಗ ರೊಕ್ಕ ನುಂಗೋದು ಯಂತ್ರ ಅಲ್ರಿ, ಮೆಣಸಿನಕಾಯಿ. ಯಂತ್ರ ಬಂತು, ಕಾಯಿಗೆ ರೊಕ್ಕ ಇಲ್ಲ ಅಂತ ಕೀಲಿ ಬಿದ್ದ ಘಟಕಗಳೇ ಹೆಚ್ಚು. ಒಳ್ಳೆ ಕಾಯಿ ಬರೋದು ಜನವರಿಯಿಂದ ಮಾರ್ಚ್ ತನಕ. ವರ್ಷದ ಮಾಲು ಆವಾಗ್ಲೇ ತಗೋಬೇಕು.

ವರ್ಷಕ್ಕೆ 60 ಕ್ವಿಂಟಲ್ ಪುಡಿ. ತೊಟ್ಟು, ಧೂಳು, ತೇವ ಕಳೆದು 100 ಕಿಲೋ ಕಾಯಿಗೆ 86 ಕಿಲೋ ಪುಡಿ ಅಂತ ಹಿಡಿದ್ರ 70 ಕ್ವಿಂಟಲ್ ಕಾಯಿ ಬೇಕು. ಲೆಕ್ಕಕ್ಕೆ ಕ್ವಿಂಟಲ್‌ಗೆ 20,000 ಇಟ್ಕೊಳ್ರಿ: 14 ಲಕ್ಷ. ಪುಡಿ ಕಿಲೋಗೆ 300ರಂತೆ ಹೋದ್ರ, ಅಂಗಡಿಯವರ 45 ದಿನದ ಉದ್ರಿಯೊಳಗ 2.25 ಲಕ್ಷ ಸಿಕ್ಕೊಂಡಿರ್ತೈತಿ. ಕೂಲಿ, ಪ್ಯಾಕಿಂಗ್, ಕೋಲ್ಡ್ ಸ್ಟೋರೇಜ್ ಬಾಡಿಗೆ ಸೇರಿಸಿದ್ರ 17–18 ಲಕ್ಷ, ಯಂತ್ರದ ಎರಡು ಪಟ್ಟು. ಅನುದಾನ ಯಂತ್ರಕ್ಕ, ಸಾಲ ಕಾಯಿಗೆ. ಅದಕ್ಕ ಎರಡೂ ಬೇಕು, ಆದ್ರ ಈ ಸಾಲ ಹಿಂಗ ಬ್ಯಾಡ.

ಶೇ. 8 ಫ್ಲಾಟೋ (ಮೂರೂ ವರ್ಷ ಪೂರ್ತಿ ಅಸಲಿನ ಮ್ಯಾಲೆ ಬಡ್ಡಿ), ಇಳಿಯೋ ಬಾಕಿ ಮ್ಯಾಲಿನದ್ದೋ, ಕಾಗದದ ಮ್ಯಾಲೆ ಕೇಳ್ರಿ. ಫ್ಲಾಟ್ ಆದ್ರ ಖರೆ ಬಡ್ಡಿ ಶೇ. 14.5ರ ಹತ್ತಿರ, ಕಂತು ತಿಂಗಳಿಗೆ ಸುಮಾರು 68,900. ನಿಮ್ಮ ತಿಂಗಳ ಮಾರಾಟ 1.5 ಲಕ್ಷ. ಅದರಾಗ 1.17 ಲಕ್ಷ ಕಾಯಿಯ ಅಸಲು, ಮುಂದಿನ ಸುಗ್ಗಿಗೆ ಎತ್ತಿಡಬೇಕಾದದ್ದು. ಉಳಿಯೋ 33,000ದಾಗ ಕೂಲಿ, ಕರೆಂಟು ಎಲ್ಲಾ ಆಗಬೇಕು. ಕಂತು ಕಟ್ಟಾಕ ಸಂಘದ ಉಳಿತಾಯಕ್ಕ ಕೈ ಹಾಕಬೇಕಾಗ್ತೈತಿ. ಅಸಲು ವರ್ಷಕ್ಕೊಮ್ಮೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಅಂತ ಒಪ್ಪಿದ್ರಷ್ಟ ಮುಂದಿನ ಮಾತು.

ಕಾಯ್ದೆ_ಕಟ್ಟೆ (ಧಾರವಾಡ):
ಷೇರು ಕೊಡಲಾಗದು. ಸೊಸೈಟಿಯಲ್ಲಿ ಷೇರು ಬಂಡವಾಳವೇ ಇಲ್ಲ, ಲಾಭವನ್ನೂ ಹಂಚುವಂತಿಲ್ಲ. ಕನಿಷ್ಠ 10 ಜನ ಸೇರಿ ಉತ್ಪಾದಕರ ಕಂಪನಿ ಮಾಡಿದರೂ ಷೇರು ಉತ್ಪಾದಕರಿಗೆ ಮಾತ್ರ, ಹೊರಗಿನ ಹೂಡಿಕೆದಾರರಿಗಲ್ಲ.

ಹಣ ವಿದೇಶದಿಂದ ನೇರ ಬರುವುದಾದರೆ ಇನ್ನೂ ತೊಡಕು. ದೇಣಿಗೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ನೋಂದಣಿ ಇರುವ ಎನ್‌ಜಿಒ ಕೂಡ ತನಗೆ ಬಂದ ವಿದೇಶಿ ದೇಣಿಗೆಯನ್ನು ನಿಮಗೆ ದಾಟಿಸುವಂತಿಲ್ಲ. ಸಾಲಕ್ಕೆ ರಿಸರ್ವ್ ಬ್ಯಾಂಕಿನ ವಿದೇಶಿ ಸಾಲದ ನಿಯಮಗಳಿವೆ. ಇಲ್ಲಿ ನೋಂದಾಯಿತ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಸಂಸ್ಥೆ) ಮೂಲಕ ರೂಪಾಯಿಯಲ್ಲಿ ಕೊಡುತ್ತಾರಾ ಕೇಳಿ. ಇಲ್ಲ ಅಂದರೆ ಅಲ್ಲಿಗೇ ಬಿಡಿ.

ಯಂತ್ರದ ವಿಷಯದಲ್ಲಿ ಎಲ್ಲರೂ ಮರೆಯುವುದು ಒಂದಿದೆ: ಅದು ಯಾರ ಹೆಸರಲ್ಲಿರುತ್ತದೆ? 2021ರಲ್ಲಿ ತಿದ್ದಿದ ಸಿಎಸ್‌ಆರ್ ನಿಯಮದ ಪ್ರಕಾರ, ಆ ಹಣದಲ್ಲಿ ಆದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ಫಲಾನುಭವಿ ಸ್ವಸಹಾಯ ಗುಂಪು ಅಥವಾ ಅವರ ಸಮೂಹದ ಹೆಸರಲ್ಲಿ ಇಡಬಹುದು. ಎನ್‌ಜಿಒ ಹೆಸರಲ್ಲಿ ಬಿಲ್ಲಾದರೆ, ಯೋಜನೆ ಮುಗಿದ ಮೇಲೆ ಯಂತ್ರವೂ ಹೋದೀತು. ಬಿಲ್, ವಾರಂಟಿ, ವಿಮೆ ಮೂರೂ ಒಕ್ಕೂಟದ ಹೆಸರಲ್ಲೇ ಇರಲಿ ಎಂದು ಒಪ್ಪಂದದಲ್ಲಿ ಬರೆಸಿ. ಎನ್‌ಜಿಒದ ಸಿಎಸ್‌ಆರ್-1 (ಸಿಎಸ್‌ಆರ್ ಕೆಲಸ ಮಾಡಲು ಸಂಸ್ಥೆಗಳಿಗೆ ಬೇಕಾದ) ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಗದಗ_ಸಹಕಾರಿ:
ಹುಬ್ಬಳ್ಳಿಯವರ ಲೆಕ್ಕ ಸರಿ, ಆದರೆ ಮೊದಲ ವರ್ಷವೇ 70 ಕ್ವಿಂಟಲ್‌ಗೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ. 25 ಕ್ವಿಂಟಲ್‌ನಿಂದ ಶುರು ಮಾಡಿ. ಅದೇ ದರಕ್ಕೆ 5 ಲಕ್ಷ. ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ನೇರವಾಗಿ ಕೊಡುವ ಲಿಂಕೇಜ್ ಸಾಲಕ್ಕೆ 10 ಲಕ್ಷದವರೆಗೆ ಜಾಮೀನು ಕೇಳುವಂತಿಲ್ಲ, ಹತ್ತು ಸಂಘ ತಲಾ 50,000 ತೊಡಗಿಸಿದರೆ ಸಾಕು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ಸಿಂಗಪುರದ ತನಕ ಹೋಗುವ ಮೊದಲು ಊರಿನ ಬ್ಯಾಂಕಿಗೆ ಹೋಗಿ.

ಹಂತ ಹಂತವಾಗಿ ಕೊಡುವುದಕ್ಕೆ ದಕ್ಷಿಣ ಕೊರಿಯಾದ ಸೆಮೌಲ್ ಎಂಬ ಹಳ್ಳಿ ಸುಧಾರಣೆಯ ಚಳವಳಿ ನೋಡಿ. 1970ರಲ್ಲಿ ಸುಮಾರು 33,000 ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟ್ ಕೊಟ್ಟರು. ಚೆನ್ನಾಗಿ ಬಳಸಿದ ಅರ್ಧದಷ್ಟು ಹಳ್ಳಿಗಳಿಗೆ ಮಾತ್ರ ಮುಂದಿನ ಸುತ್ತಿನಲ್ಲಿ 500 ಚೀಲ, ಜೊತೆಗೆ ಒಂದು ಟನ್ ಕಬ್ಬಿಣ. ಅದು ಸರ್ವಾಧಿಕಾರದ ಕಾಲ, ಎಲ್ಲವನ್ನೂ ಹೊಗಳಬೇಕಿಲ್ಲ. ಆದರೆ ಹೂಡಿಕೆದಾರರಿಗೂ ಹೀಗೇ ಹೇಳಬಹುದು: ಮೊದಲ ಸುಗ್ಗಿಗೆ 5 ಲಕ್ಷ, ಲೆಕ್ಕ ನೋಡಿ ಎರಡನೆಯದಕ್ಕೆ 10 ಲಕ್ಷ.

ಬಾಂಗ್ಲಾದೇಶದ ಬೋಗ್ರಾದಲ್ಲಿ ಅಲ್ಲಿನ ಗ್ರಾಮೀಣ ಬ್ಯಾಂಕಿನ ಬಳಗ ಮತ್ತು ಫ್ರಾನ್ಸಿನ ಆಹಾರ ಕಂಪನಿ ಡ್ಯಾನೋನ್ 2006ರಲ್ಲಿ ಸೇರಿ ಕಟ್ಟಿದ ಮೊಸರಿನ ಕಂಪನಿಯದು ಬೇರೆ ಪಾಠ. 2008ರಲ್ಲಿ ಹಾಲಿನ ದರ ಏರಿತು, ಮೊಸರಿನ ಬೆಲೆ ಏರಿಸಿದರು, ಹಳ್ಳಿಯಲ್ಲಿ ಮಾರಾಟ ಬಿದ್ದುಹೋಯಿತು. ಆಮೇಲೆ ಕಪ್ ಸಣ್ಣದು ಮಾಡಿ ಬೆಲೆ ಇಳಿಸಿದರು, ಢಾಕಾದಲ್ಲೂ ಮಾರಿದರು. ಕಾಯಿಯ ದರ ಹಾಲಿಗಿಂತ ಹೆಚ್ಚು ಜಿಗಿಯುತ್ತದೆ. 100 ಗ್ರಾಂ ಪ್ಯಾಕೆಟ್ ಮೊದಲೇ ಇಟ್ಟುಕೊಳ್ಳಿ, ಹುಬ್ಬಳ್ಳಿಯ ಹೋಟೆಲು, ಖಾನಾವಳಿಗಳನ್ನೂ ಹಿಡಿಯಿರಿ.

ಎಂಬಿಕೆ_ಬ್ಯಾಡಗಿ:
25 ಕ್ವಿಂಟಲ್ ಮಾತು ಸಭೆಯೊಳಗ ಇಡ್ತೀನ್ರಿ. ಕಾಯಿ ತಗೊಳ್ಳುವಾಗ ಏನ್ ನೋಡಬೇಕು?

ಲೆಕ್ಕಪತ್ರ_ಹುಬ್ಬಳ್ಳಿ:
25 ಆದ್ರ ನನ್ನ ತಕರಾರಿಲ್ಲ, ಯಂತ್ರ ಮಾತ್ರ ವರ್ಷದಾಗ ಏಳೆಂಟು ತಿಂಗಳು ಖಾಲಿ ಕುಂದರ್ತೈತಿ. ಆವಾಗ ಊರವರ ಕಾಯಿ ಕೂಲಿಗೆ ಬೀಸಿ ಕೊಡ್ರಿ.

ಕಾಯಿಯ ತೇವ ಶೇ. 11 ದಾಟಬಾರದು. ಮಾರೋ ಮುಂದ ಕಾಯಿ ಮುರೀಬಾರದು, ತೂಕನೂ ಬರಲಿ ಅಂತ ನೀರು ಚಿಮುಕಿಸಿರ್ತಾರ; ಅಂಥಾ ಚೀಲದಾಗ ಬೂಸಲು ಬಂದು ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗ್ತೈತಿ, ಬೀಸಿದ ಮ್ಯಾಲೆ ಅದನ್ನ ತೆಗಿಯಾಕ ಬರೂದಿಲ್ಲ. ಚೀಲದ ಬಾಯಿಯಷ್ಟ ನೋಡದ ನಡುವಿನ ಕಾಯಿ ತೆಗೆಸಿ ಮುರಿದು ನೋಡ್ರಿ. ಕೋಲ್ಡ್ ಸ್ಟೋರೇಜ್‌ನಿಂದ ತಂದ ಕಾಯಿ ಬಿಸಿಲಿಗೆ ಒಣಗಿಸಿನೇ ಪಲ್ವರೈಸರ್‌ಗೆ (ಬೀಸೋ ಯಂತ್ರಕ್ಕ) ಹಾಕಬೇಕು. ಒಮ್ಮೆಗೇ ತುಂಬಿ ಬೀಸಿದ್ರ ಪುಡಿ ಕಾದು ಬಣ್ಣ ಇಳೀತೈತಿ, ನಡುನಡುವೆ ಆರಲಿಕ್ಕ ಬಿಡ್ರಿ. ಗುಂಟೂರು ಕಾಯಿ ಬೆರೆಸಿದ್ರ ಪ್ಯಾಕೆಟ್ ಮ್ಯಾಲೆ ಬರೇ 'ಬ್ಯಾಡಗಿ' ಅಂತ ಹಾಕಬ್ಯಾಡ್ರಿ, 2011ರಿಂದ ಆ ಹೆಸರಿಗೆ ಜಿಐ (ಭೌಗೋಳಿಕ ಗುರುತಿನ ಮಾನ್ಯತೆ) ಐತಿ.