ಬ್ಲಷ್ ಎಷ್ಟು ಹೊತ್ತು ನಿಲ್ಲುತ್ತೆ, ಡಬ್ಬಿ ಎಷ್ಟು ದಿನ ಬಾಳುತ್ತೆ? ಮೇಕಪ್ ಆರ್ಟಿಸ್ಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಮ್ಮ ಗುಂಪಿನ ಮೇಕಪ್ ಆರ್ಟಿಸ್ಟ್ ಮೇಡಂ ಬಿಡುವು ಮಾಡಿಕೊಂಡಿದ್ದಾರೆ. ಮೈಸೂರಿನವರು, ಮದುವೆ ಮೇಕಪ್ ಮಾಡ್ತಾರೆ. ಬ್ಲಷ್ ಬಗ್ಗೆ ಏನಿದ್ದರೂ ಕೇಳಿ. ಕೇಳುವ ಮೊದಲು ಮೇಲಿರೋ ಉತ್ತರಗಳನ್ನು ಓದಿ.

ಕುಡ್ಲದ ಮದುಮಗಳು: ನಮಸ್ತೆ ಮೇಡಂ. ಮೇ ತಿಂಗಳಲ್ಲಿ ಮಂಗಳೂರಲ್ಲಿ ನನ್ನ ಮದುವೆ. ಹಾಲ್‌ನಲ್ಲಿ ಎಸಿ ಇಲ್ಲ. ಟ್ರಯಲ್ ಮಾಡಿಸಿದಾಗ ಎರಡು ಗಂಟೆಯೊಳಗೆ ಕೆನ್ನೆಯ ಬಣ್ಣ ಮಾಯ. ಧಾರೆಯಿಂದ ಊಟದವರೆಗೆ ನಿಲ್ಲಿಸೋಕೆ ಏನು ಮಾಡಬೇಕು?

ಮೇಕಪ್ ಆರ್ಟಿಸ್ಟ್: ಬರೀ ಪೌಡರ್ ಬ್ಲಷ್ ಹಾಕಿರಬೇಕು. ಕರಾವಳಿ ಸೆಕೆಗೆ ಅದು ಅಷ್ಟೇ ನಿಲ್ಲೋದು. ಎರಡು ಪದರ ಹಾಕಿಸಿಕೊಳ್ಳಿ. ಮೊದಲು ಕ್ರೀಮ್ ಬ್ಲಷ್, ಬೆರಳಿನಿಂದ ತಟ್ಟಿ ತಟ್ಟಿ, ತೆಳುವಾಗಿ. ಅದರ ಮೇಲೆ ಲೂಸ್ ಪೌಡರ್ ಒತ್ತಬೇಕು, ಉಜ್ಜಬಾರದು. ಆಮೇಲೆ ಅದೇ ಬಣ್ಣದ ಪೌಡರ್ ಬ್ಲಷ್, ಕೊನೆಗೆ ಸೆಟ್ಟಿಂಗ್ ಸ್ಪ್ರೇ. ಕ್ರಮ ತಿರುಗಿಸಿ ಪೌಡರ್ ಮೇಲೆ ಕ್ರೀಮ್ ಹಚ್ಚಿದರೆ ತೇಪೆ ತೇಪೆಯಾಗಿ ಕೂರುತ್ತೆ. ಹೀಗೆ ಹಾಕಿದರೆ ಆರೇಳು ಗಂಟೆ ಬರುತ್ತೆ, ಹೋಮದ ಎದುರು ಜಾಸ್ತಿ ಹೊತ್ತು ಕೂತರೆ ಸ್ವಲ್ಪ ಕಡಿಮೆ. ಬೆವರು ಬಂದರೆ ಟಿಶ್ಯೂ ಒತ್ತಿ ತೆಗೆಯಿರಿ, ಸೆರಗಿನಲ್ಲಿ ಒರೆಸಬೇಡಿ. ನಿಮ್ಮನ್ನು ಕಳಿಸಿಕೊಡುವಾಗ ಅಳು ಬರುತ್ತೆ, ಆಗಲೂ ಅಷ್ಟೇ. ಇನ್ನೊಂದು ವಿಷಯ, ಹಿಂದಿನ ದಿನ ಅರಿಶಿನ ಶಾಸ್ತ್ರ ಇದ್ದರೆ ಕೆನ್ನೆ ಮೇಲೆ ಹಳದಿ ಉಳಿದಿರುತ್ತೆ. ಅದರ ಮೇಲೆ ಗುಲಾಬಿ ಬ್ಲಷ್ ಹಾಕಿದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಸೋಪು ಹಾಕಿ ತಿಕ್ಕಿದರೆ ಅರಿಶಿನ ಇನ್ನೂ ಕೆಂಪಾಗುತ್ತೆ, ಸುಣ್ಣ ಸೇರಿಸಿದಾಗ ಆಗೋದೂ ಇದೇ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಲ್ಲಿ ಒರೆಸಿ, ಆಮೇಲೆ ಫೇಸ್‌ವಾಶ್. ನಿಮ್ಮ ಆರ್ಟಿಸ್ಟ್‌ಗೆ ಇದನ್ನು ಮೊದಲೇ ಹೇಳಿಡಿ.

ಕುಡ್ಲದ ಮದುಮಗಳು: ತುಂಬಾ ಥ್ಯಾಂಕ್ಸ್ ಮೇಡಂ 🙏

ತುಮಕೂರು ಗೃಹಿಣಿ: ನನ್ನ ಬ್ಲಷ್ ಡಬ್ಬಿ ತಂಗಿ ಮದುವೆಗೆ ತಗೊಂಡಿದ್ದು, ಮೂರು ವರ್ಷ ಆಯ್ತು. ಅರ್ಧವೂ ಖಾಲಿಯಾಗಿಲ್ಲ. ಹಾಕಬಹುದಾ?

ಮೇಕಪ್ ಆರ್ಟಿಸ್ಟ್: ಡಬ್ಬಿ ಹಿಂದೆ ಮುಚ್ಚಳ ತೆರೆದ ಚಿಕ್ಕ ಡಬ್ಬಿಯ ಚಿತ್ರ ಇದೆಯಾ ನೋಡಿ. ಅದರೊಳಗೆ 12ಎಂ, 24ಎಂ ಅಂತ ಬರೆದಿದ್ದರೆ ತೆರೆದ ಮೇಲೆ ಅಷ್ಟು ತಿಂಗಳು. ಸಾಮಾನ್ಯವಾಗಿ ಪೌಡರ್ ಎರಡು ವರ್ಷ, ಕ್ರೀಮ್ ಒಂದು ವರ್ಷ, ಕಡ್ಡಿ ಅದ್ದಿ ಹಚ್ಚೋ ಲಿಕ್ವಿಡ್ ಆರು ತಿಂಗಳಿಂದ ಒಂದು ವರ್ಷ. ಅದಕ್ಕೂ ಮೊದಲೇ ಹಳೇ ಎಣ್ಣೆ ವಾಸನೆ ಬಂದರೆ, ಕ್ರೀಮ್ ಮೇಲೆ ನೀರಿನಂತೆ ಎಣ್ಣೆ ಬಿಟ್ಟುಕೊಂಡರೆ ಎಸೆಯಿರಿ. ಪೌಡರ್ ಮೇಲೆ ಹೊಳೆಯೋ ಗಟ್ಟಿ ಪದರ ಕಂಡರೆ ಅದು ಬ್ರಷ್‌ನಿಂದ ಇಳಿದ ಮುಖದ ಜಿಡ್ಡು. ಡಬ್ಬಿ ಹೊಸದಾಗಿದ್ದರೆ ಅಂಟುಪಟ್ಟಿ ಒತ್ತಿ ಆ ಪದರ ಎತ್ತಬಹುದು. ನಿಮ್ಮದು ಮೂರು ವರ್ಷ ಅಂತೀರಿ, ಬಿಡಿ. ಹೊಸದು ತಗೊಳ್ಳಿ.

ಹಾಸನ ಹುಡುಗಿ: ಮೇಡಂ ಇದು ನಿಜಾನಾ? "ಬೀಟ್‌ರೂಟ್ ರಸಕ್ಕೆ ನಿಂಬೆಹಣ್ಣು ಹಿಂಡಿ ಫ್ರಿಜ್‌ನಲ್ಲಿಡಿ, ಆರು ತಿಂಗಳು ಕೆಡಲ್ಲ, ಕೆನ್ನೆಗೆ ಹಚ್ಚಿದರೆ ದಿನವಿಡೀ ನೈಸರ್ಗಿಕ ಕೆಂಪು" ಅಂತ ಫ್ಯಾಮಿಲಿ ಗ್ರೂಪ್‌ನಲ್ಲಿ ಬಂದಿದೆ.

ಮೇಕಪ್ ಆರ್ಟಿಸ್ಟ್: ಸುಳ್ಳು. ಬೀಟ್‌ರೂಟ್‌ನಲ್ಲಿ ಸಕ್ಕರೆ ಇದೆ, ರಸ ಕೆಲವೇ ದಿನದಲ್ಲಿ ಹುಳಿಯುತ್ತೆ. ಬಣ್ಣ ಬೆಳಕಿಗೂ ಬಿಸಿಗೂ ಮಾಸುತ್ತೆ, ದಿನವಿಡೀ ಎಲ್ಲಿಂದ ನಿಲ್ಲಬೇಕು? ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು, ಅದು ಹೋಗೋಕೆ ತಿಂಗಳುಗಳು ಬೇಕು. ದಯವಿಟ್ಟು ಇಂಥದ್ದನ್ನು ಫಾರ್ವರ್ಡ್ ಮಾಡಬೇಡಿ.

ಮಲೆನಾಡ ಮನೆ: ಹಾಗಂದ್ರೆ ಕೆಮಿಕಲ್ ಹಚ್ಚೋದೇ ಒಳ್ಳೇದಾ? ನಮ್ಮಜ್ಜಿ ಕೆನ್ನೆಗೆ ಕುಂಕುಮ ಸವರಿಕೊಳ್ತಿದ್ರು, ಏನೂ ಆಗಿರಲಿಲ್ಲ.

ಶಿವಮೊಗ್ಗ ಟೀಚರ್: ಅಜ್ಜಿ ಮನೆಯಲ್ಲೇ ಅರಿಶಿನ, ಸುಣ್ಣ ಸೇರಿಸಿ ಮಾಡಿದ ಕುಂಕುಮ ಬೇರೆ ರೀ. ಈಗ ಪೊಟ್ಟಣದಲ್ಲಿ ಬರೋದು ಬೇರೆ.

ಮಲೆನಾಡ ಮನೆ: ನಾನು ನಿಮ್ಮನ್ನು ಕೇಳಿಲ್ಲ.

ಮೇಕಪ್ ಆರ್ಟಿಸ್ಟ್: ಟೀಚರ್ ಹೇಳಿದ್ದು ಸರಿ. ಅಂಗಡಿ ಕುಂಕುಮದಲ್ಲಿ ಕೃತಕ ಬಣ್ಣ ಇರುತ್ತೆ, ಹಣೆ ಮೇಲೆ ತುರಿಕೆ, ಕಪ್ಪು ಕಲೆ ಆದವರನ್ನು ನೀವೂ ನೋಡಿರ್ತೀರಿ. ಕೆಲವು ಸಿಂಧೂರದಲ್ಲಿ ಸೀಸ ಕೂಡ ಸಿಕ್ಕಿದೆ. ಕೆನ್ನೆಗೆ ಬೇಡ. ಮಕ್ಕಳ ಕೆನ್ನೆಗಂತೂ ಬೇಡವೇ ಬೇಡ, ಸ್ಕೂಲ್ ಡೇ ಅಂತ ಹಚ್ಚಿ ಕಳಿಸ್ತಾರೆ.

ಹುಬ್ಬಳ್ಳಿ ಅಕ್ಕ: ಬ್ಲಷ್ ಎಕ್ಸ್‌ಪೈರಿ ಎಷ್ಟು ವರ್ಷ?

ಮೇಕಪ್ ಆರ್ಟಿಸ್ಟ್: ಮೇಲೆ ಬರೆದಿದ್ದೇನೆ.

ದಾವಣಗೆರೆ ಹೊಸಬಳು: ಮೇಡಂ, ನನ್ನದು ಬೇರೆ ಥರ. ನನಗೆ ಬ್ಲಷ್ ಇಲ್ಲದೇನೇ ಕೆನ್ನೆ ಕೆಂಪಗಿರುತ್ತೆ. ಬೆಳ್ಳಗಾಗೋಕೆ ಅಂತ ಮೆಡಿಕಲ್ ಶಾಪ್‌ನವರು ಒಂದು ಕ್ರೀಮ್ ಕೊಟ್ಟಿದ್ರು, ಚೆನ್ನಾಗಿ ಕೆಲಸ ಮಾಡ್ತು, ಒಂದು ವರ್ಷದಿಂದ ಹಚ್ತಿದ್ದೀನಿ. ಈಗ ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಉರಿ. ಬ್ಲಷ್ ಹಾಕಿದರೆ ಹತ್ತು ನಿಮಿಷಕ್ಕೆ ಸಿಪ್ಪೆ ಏಳುತ್ತೆ. ಮುಂದಿನ ತಿಂಗಳು ನಿಶ್ಚಿತಾರ್ಥ. ಯಾವ ಬ್ಲಷ್ ನಿಲ್ಲುತ್ತೆ?

ಮೇಕಪ್ ಆರ್ಟಿಸ್ಟ್: ಆ ಟ್ಯೂಬ್ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ, ನೋಡಿ ಹೇಳಿ. ಕಂಪನಿ ಹೆಸರು ಬೇಡ, ಒಳಗೇನಿದೆ ಅಷ್ಟು ಸಾಕು.

ದಾವಣಗೆರೆ ಹೊಸಬಳು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್.

ಮೇಕಪ್ ಆರ್ಟಿಸ್ಟ್: ಹಾಗೇ ಅಂದುಕೊಂಡೆ. ಸಮಾಧಾನವಾಗಿ ಓದಿ. ಮೊಮೆಟಾಸೋನ್ ಅನ್ನೋದು ಸ್ಟಿರಾಯ್ಡ್. ಈ ಮೂರೂ ಸೇರಿದ ಕ್ರೀಮನ್ನು ಬಂಗು, ಅಂದರೆ ಮುಖದ ಕಂದು ಕಲೆಗಳಿಗೆ ಚರ್ಮದ ಡಾಕ್ಟರು ಕೆಲವೇ ವಾರ, ಕಣ್ಣಿಟ್ಟು ಕೊಡ್ತಾರೆ. ವರ್ಷಗಟ್ಟಲೆ ಹಚ್ಚೋ ಫೇರ್‌ನೆಸ್ ಕ್ರೀಮ್ ಅಲ್ಲ ಅದು. ಮೊದಮೊದಲು ಮುಖ ತಿಳಿಯಾಗುತ್ತೆ, ಅದಕ್ಕೇ ಎಲ್ಲರೂ ಮೋಸ ಹೋಗ್ತಾರೆ. ಆಮೇಲೆ ಚರ್ಮ ತೆಳುವಾಗುತ್ತೆ, ಸಣ್ಣ ರಕ್ತನಾಳ ಎದ್ದು ಕಾಣುತ್ತೆ, ಮೊಡವೆ, ಕೂದಲು ಬರಬಹುದು. ನಿಮ್ಮ ಕೆನ್ನೆಯ ಕೆಂಪು ಹೊಳಪಲ್ಲ, ಗಾಯದ ಕೆಂಪು. 2018ರಲ್ಲೇ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಮಾರ್ತಾರೆ.

ನನ್ನ ಕುರ್ಚಿಯಲ್ಲಿ ಕೂತ ಹುಡುಗಿಯರಲ್ಲಿ ಇದನ್ನು ಮತ್ತೆ ಮತ್ತೆ ನೋಡ್ತಿದ್ದೇನೆ. ಕೆನ್ನೆ ಹತ್ತಿರ ದೀಪ ಹಿಡಿದರೆ ಕೆಂಪು ದಾರದ ಎಳೆಯಂಥ ಗೆರೆಗಳು. ಸ್ಪಂಜ್ ಮುಟ್ಟಿಸಿದರೆ ಸಾಕು, ಕಣ್ಣಲ್ಲಿ ನೀರು. ಅಂಥ ಚರ್ಮದ ಮೇಲೆ ಯಾವ ಬ್ಲಷ್ ಕೂಡ ನಿಲ್ಲಲ್ಲ, ಎಷ್ಟು ದುಬಾರಿಯದ್ದಾದರೂ ಸರಿ. ಹಾಗಂತ ನೀವಾಗೇ ಇವತ್ತೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಮುಖ ಊದಿ, ಉರಿದು, ಮೊಡವೆ ತುಂಬಿಕೊಳ್ಳುತ್ತೆ. ಆಗ ಹೆದರಿ ಮತ್ತೆ ಅದೇ ಟ್ಯೂಬ್ ಹಿಡೀತಾರೆ. ಹೇಗೆ ಇಳಿಸಬೇಕು ಅಂತ ಚರ್ಮದ ಡಾಕ್ಟರೇ ಹೇಳಬೇಕು, ನಾನಲ್ಲ. ಈ ವಾರವೇ ಹೋಗಿ. ಮದುವೆಯಾದ ಮೇಲೆ ಮಗು ಅಂತ ಯೋಚನೆ ಇದ್ದರೆ ಅದನ್ನೂ ಹೇಳಿ, ಟ್ರೆಟಿನಾಯಿನ್ ಗರ್ಭಿಣಿಯರಿಗೆ ಬೇಡ ಅಂತಾರೆ. ಅಲ್ಲಿವರೆಗೆ ಸ್ಕ್ರಬ್, ಬ್ಲೀಚ್, ಫೇಶಿಯಲ್ ಯಾವುದೂ ಬೇಡ.

ಮಲೆನಾಡ ಮನೆ: ತಂಗಿ, ಲೋಳೆಸರದ ತಿರುಳು ಹಚ್ಚು, ಮೂರೇ ದಿನಕ್ಕೆ ವಾಸಿ.

ಮೇಕಪ್ ಆರ್ಟಿಸ್ಟ್: ಮಲೆನಾಡ ಮನೆಯವರೇ, ದಯವಿಟ್ಟು ನಿಲ್ಲಿಸಿ. ಆ ಹುಡುಗಿಯ ಚರ್ಮ ಈಗ ಏನನ್ನೂ ತಡೆಯೋ ಸ್ಥಿತಿಯಲ್ಲಿಲ್ಲ. ಹೊಸದಾಗಿ ಏನು ಹಚ್ಚಿದರೂ ಉರಿಯಬಹುದು, ಗಿಡದ್ದಾದರೂ ಅಷ್ಟೇ.

ಬೆಂಗಳೂರು ಅಮ್ಮ: ಏನೇ ಹೇಳಿ, ಕಪ್ಪಗಿರೋರಿಗೆ ಬ್ಲಷ್ ಹಾಕಿದ್ರೂ ಕಾಣಲ್ಲ. ಅದಕ್ಕೇ ಹುಡುಗಿಯರು ಬೆಳ್ಳಗಾಗೋ ಕ್ರೀಮ್ ಹಿಂದೆ ಬೀಳೋದು.

ರಾಯಚೂರು ಹುಡುಗಿ: ಕಾಣಲ್ಲ ಅಂದ್ರೆ? ನಾನು ಕಪ್ಪಗಿದ್ದೀನಿ, ದಿನಾ ಹಾಕ್ತೀನಿ.

ಬೆಂಗಳೂರು ಅಮ್ಮ: ನಿಮಗೆ ಹೇಳಿದ್ದಲ್ಲಮ್ಮ, ಸಾಮಾನ್ಯವಾಗಿ ಹೇಳಿದೆ.

ರಾಯಚೂರು ಹುಡುಗಿ: ಸಾಮಾನ್ಯವಾಗಿ ಹೀಗೆ ಹೇಳಿ ಹೇಳಿನೇ ಮೇಲಿನ ಹುಡುಗಿ ಆ ಟ್ಯೂಬ್ ತಗೊಂಡಿದ್ದು.

ಶಿವಮೊಗ್ಗ ಟೀಚರ್: ನೂರಕ್ಕೆ ನೂರು ಸರಿ.

ಬೆಂಗಳೂರು ಅಮ್ಮ: ಎಲ್ಲದಕ್ಕೂ ಬಂದುಬಿಡ್ತಾರೆ ಈ ಟೀಚರ್.

ಸಾಫ್ಟ್‌ವೇರ್ ಅಣ್ಣ: ಗಂಡಸರು ಆರತಕ್ಷತೆ ಫೋಟೋಗೆ ಬ್ಲಷ್ ಹಾಕಬಹುದಾ?

ಅಡ್ಮಿನ್: ಬಣ್ಣದ ಜಗಳ ಇಲ್ಲಿಗೆ ಸಾಕು. ಮುಂದುವರಿಸಿದರೆ ಕಾಮೆಂಟ್ ತೆಗೀತೀನಿ.

ಮೇಕಪ್ ಆರ್ಟಿಸ್ಟ್: ತೆಗೆಯೋ ಮೊದಲು ನಾನೊಂದು ಹೇಳ್ತೀನಿ. ಕಪ್ಪು ಮೈಬಣ್ಣಕ್ಕೆ ತಿಳಿ ಗುಲಾಬಿ ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತೆ. ಅದು ಬ್ಲಷ್ ಆರಿಸಿದವರ ತಪ್ಪು, ಮೈಬಣ್ಣದ್ದಲ್ಲ. ಇಟ್ಟಿಗೆ ಕೆಂಪು, ನೇರಳೆಹಣ್ಣಿನ ಬಣ್ಣ, ಗಾಢ ಕಿತ್ತಳೆ ಹಾಕಿ ನೋಡಿ, ಎಷ್ಟು ಚೆಂದ ಎದ್ದು ಕಾಣುತ್ತೆ ಅಂತ. ಹಾಕೋವಾಗ ಜೋರಾಗಿ ನಕ್ಕು ಕೆನ್ನೆ ಉಬ್ಬಿದ ಜಾಗಕ್ಕೆ ಹಾಕಬೇಡಿ, ನಗು ನಿಂತ ಕೂಡಲೇ ಬಣ್ಣ ಕೆಳಗಿಳಿದು ಮುಖ ಜೋತಂತೆ ಕಾಣುತ್ತೆ. ಮೂಗಿನಿಂದ ಎರಡು ಬೆರಳು ಬಿಟ್ಟು, ಕೆನ್ನೆಮೂಳೆ ಮೇಲಿಂದ ಕಿವಿ ಕಡೆಗೆ ಎಳೆಯಿರಿ. ಕಿಟಕಿ ಬೆಳಕಲ್ಲಿ ಒಮ್ಮೆ ನೋಡಿಕೊಳ್ಳಿ. ಛತ್ರದ ಹಳದಿ ದೀಪಕ್ಕೆ ಗುಲಾಬಿ ಬಣ್ಣ ಮಂಕಾಗುತ್ತೆ.

ಚಿತ್ರದುರ್ಗ ಕೋಟೆ: ಪೌಡರ್ ಬ್ಲಷ್ ಬಿದ್ದು ಪುಡಿಪುಡಿ ಆಗಿದೆ 😢

ಮೇಕಪ್ ಆರ್ಟಿಸ್ಟ್: ಪೂರ್ತಿ ನುಣ್ಣಗೆ ಪುಡಿ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಕೆಲವು ಹನಿ ಹಾಕಿ ಕಲಸಿ, ಟಿಶ್ಯೂ ಸುತ್ತಿದ ನಾಣ್ಯದಿಂದ ಒತ್ತಿ, ರಾತ್ರಿಯಿಡೀ ಮುಚ್ಚಳ ತೆಗೆದಿಡಿ. ನೀರು ಹಾಕಬೇಡಿ, ಬೂಷ್ಟು ಬರುತ್ತೆ.

ಹಾಸನ ಹುಡುಗಿ: ಲಿಪ್‌ಸ್ಟಿಕ್‌ನೇ ಕೆನ್ನೆಗೆ ಹಚ್ಚಬಹುದಾ ಮೇಡಂ?

ಮೇಕಪ್ ಆರ್ಟಿಸ್ಟ್: ಅಪರೂಪಕ್ಕೆ ಸರಿ. ಮೊಡವೆ ಇದ್ದರೆ ಬೇಡ. ತುಟಿಗೆ ತಾಗಿದ್ದನ್ನು ನೇರವಾಗಿ ಕೆನ್ನೆಗೆ ಉಜ್ಜಬೇಡಿ, ಮೇಲ್ಪದರ ಒರೆಸಿ ಬೆರಳಲ್ಲಿ ತಗೊಳ್ಳಿ.

ಹುಬ್ಬಳ್ಳಿ ಅಕ್ಕ: ಎಕ್ಸ್‌ಪೈರಿ ಮೇಲೆ ಹುಡುಕಿದೆ, ಸಿಗಲಿಲ್ಲ. ಒಂದು ಸಾಲಲ್ಲಿ ಹೇಳಿದ್ರೆ ಏನಾಗುತ್ತೆ?

ಮೇಕಪ್ ಆರ್ಟಿಸ್ಟ್: ಪೌಡರ್ ಎರಡು, ಕ್ರೀಮ್ ಒಂದು.

ಬಳ್ಳಾರಿ ಬಿಸಿಲು: ಯಾವ ಕಂಪನಿದು ಒಳ್ಳೇದು? 300 ರೂಪಾಯಿ ಒಳಗೆ ಹೇಳಿ.

ದಾವಣಗೆರೆ ಹೊಸಬಳು: ಮೇಡಂ, ಗುರುವಾರ ಚರ್ಮದ ಡಾಕ್ಟರ್ ಹತ್ರ ಟೈಮ್ ಸಿಕ್ಕಿದೆ. ನಿಶ್ಚಿತಾರ್ಥಕ್ಕೆ ಮೇಕಪ್ ಮಾಡಿಸ್ಕೋಬಹುದಾ?

ಮೇಕಪ್ ಆರ್ಟಿಸ್ಟ್: ಒಳ್ಳೇದಾಯ್ತು. ಅದನ್ನೂ ಡಾಕ್ಟರನ್ನೇ ಕೇಳಿ. ಬೇಡ ಅಂದರೆ ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ, ತಲೆತುಂಬ ಮಲ್ಲಿಗೆ, ಅಷ್ಟರಲ್ಲೇ ಚೆನ್ನಾಗಿ ಕಾಣ್ತೀರಿ. ಟ್ಯೂಬ್ ಜೊತೆಗೇ ತಗೊಂಡು ಹೋಗಿ. ಎಷ್ಟು ದಿನದಿಂದ ಹಚ್ಚಿದ್ದೀರಿ, ಯಾರು ಕೊಟ್ಟಿದ್ದು, ಒಂದನ್ನೂ ಮುಚ್ಚಿಡಬೇಡಿ.