ಪದಚರ್ಚೆ: ಲೂಪಸ್ 'ಅಡಗಿದೆ' ಎನ್ನಬಹುದೇ? (ಬಸುರಿನ ಕೈಪಿಡಿಗಾಗಿ)

ಎಲ್ಲರಿಗೂ ನಮಸ್ಕಾರ,

ಲೂಪಸ್ ಇರುವ ಹೆಣ್ಣುಮಕ್ಕಳು ಬಸುರಿಗೆ ಮೊದಲು, ಬಸುರಿನಲ್ಲಿ, ಆಮೇಲೆ ಬಾಣಂತನದಲ್ಲಿ ಏನು ನೋಡಿಕೊಳ್ಳಬೇಕು ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವೈದ್ಯಕೀಯ ವಿಷಯವನ್ನು ಡಾಕ್ಟರುಗಳು ತಿದ್ದಿಕೊಡುತ್ತಾರೆ. ಕನ್ನಡ ನನ್ನ ಪಾಲಿಗೆ ಬಂದಿದೆ. ಕೆಲವು ಕಡೆ ಪದ ಕೂರುತ್ತಿಲ್ಲ, ನಿಮ್ಮ ಸಹಾಯ ಬೇಕು.

ಮೊದಲು ಸ್ವಲ್ಪ ಹಿನ್ನೆಲೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿ ಬೀಳುವ ಕಾಯಿಲೆ ಇದು. ಕೀಲು, ಚರ್ಮ, ಕಿಡ್ನಿ, ರಕ್ತ, ಯಾವುದನ್ನು ಬೇಕಾದರೂ ಹಿಡಿಯಬಹುದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ಮಕ್ಕಳಾಗುವ ವಯಸ್ಸಿನವರು. ಹಿಂದೆ ಇವರಿಗೆ ಮಕ್ಕಳ ಆಸೆ ಬಿಟ್ಟುಬಿಡಿ ಅನ್ನುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಕಾಯಿಲೆ ಕನಿಷ್ಠ 6 ತಿಂಗಳು ಸದ್ದಿಲ್ಲದೆ ಇರಬೇಕು, ಕಿಡ್ನಿ ಚೆನ್ನಾಗಿರಬೇಕು, ನುಂಗುವ ಮಾತ್ರೆ ಬಸುರಿಗೆ ಒಗ್ಗುವಂಥದ್ದಾಗಿರಬೇಕು. ಇಷ್ಟಿದ್ದರೆ ಹೆಚ್ಚಿನವರಿಗೆ ಒಳ್ಳೆಯ ಹೆರಿಗೆಯೇ ಆಗುತ್ತದೆ.

ಆ 'ಸದ್ದಿಲ್ಲದೆ ಇರುವ' ಸ್ಥಿತಿಗೆ ಏನನ್ನೋಣ? ಇದೇ ನನ್ನ ಮುಖ್ಯ ಪ್ರಶ್ನೆ. ಡಾಕ್ಟರುಗಳು ರೆಮಿಷನ್ ಅನ್ನುತ್ತಾರೆ. ಕನ್ನಡದಲ್ಲಿ 'ಉಪಶಮನ' ಅಂತ ಬರೆದರೆ ಹಳ್ಳಿಯ ಹುಡುಗಿಗೆ ಅದು ಮುಟ್ಟುವುದಿಲ್ಲ. ಜೊತೆಗೆ 'ಉಪಶಾಮಕ ಆರೈಕೆ' ಅಂತ ಕ್ಯಾನ್ಸರ್ ಕೊನೆಯ ಹಂತದವರ ಆರೈಕೆಗೆ ಹೇಳುತ್ತೇವೆ. ಆ ನೆರಳು ಇಲ್ಲಿ ಬೀಳಬಾರದು.

ಬಾಯಿಗೆ ಸಲೀಸಾಗಿ ಬರುವುದು 'ಗುಣ ಆಗಿದೆ', 'ವಾಸಿ ಆಗಿದೆ'. ಇವೆರಡರಲ್ಲೂ ಅಪಾಯ ಇದೆ. ಗುಣ ಆಯ್ತು ಅಂದರೆ ಕಾಯಿಲೆ ಹೋಯ್ತು, ಔಷಧಿ ಮುಗೀತು ಅಂತಲೇ ನಮ್ಮ ಕಿವಿಗೆ ಕೇಳುವುದು, ಅಲ್ವಾ? ಒಬ್ಬ ಹುಡುಗಿಯ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಾಯಿ ಕಾರ್ಡ್ ತೋರಿಸುತ್ತಾ ನನಗೆ ಹೇಳಿದ್ದು ಹೀಗೆ: "ಗುಣ ಆಗಿದೆ ಅಂದ್ರಲ್ಲಾ, ಇನ್ನು ಬಸುರೀಲಿ ಆ ಹೀಟು ಮಾತ್ರೆ ಯಾಕೆ ಅಂತ ನಾವೇ ನಿಲ್ಲಿಸಿದ್ವಿ." ಆ ತಾಯಿ ಸೊಸೆಯ ಒಳ್ಳೆಯದಕ್ಕೇ ಹಾಗೆ ಮಾಡಿದ್ದು. ನಿಲ್ಲಿಸಿದ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಬಸುರಿನ ಉದ್ದಕ್ಕೂ ಬಿಡದೆ ನುಂಗಬೇಕಾದ ಮಾತ್ರೆ ಅದು. ಬಿಟ್ಟರೆ ಕಾಯಿಲೆ ಮರಳುವ ಸಂಭವ ಜಾಸ್ತಿ. ಅಂಗಡಿಯಲ್ಲಿ ಅದನ್ನು 'ಮಲೇರಿಯಾ ಮಾತ್ರೆ' ಅಂತ ಕೊಡುತ್ತಾರೆ, 2020ರ ನಂತರ 'ಕೊರೊನಾ ಮಾತ್ರೆ' ಅಂತಲೂ. ಇವಳಿಗೆ ಮಲೇರಿಯಾನೇ ಇಲ್ಲವಲ್ಲ ಅಂತ ಮನೆಯವರಿಗೆ ಅನಿಸಿದರೆ ತಪ್ಪೇನಿಲ್ಲ.

'ವಾಸಿ' ಇನ್ನೂ ಸೂಕ್ಷ್ಮ. 'ಮೊದಲಿಗಿಂತ ವಾಸಿ' ಅಂದರೆ ಪರವಾಗಿಲ್ಲ ಅಂತ, 'ವಾಸಿ ಆಯ್ತು' ಅಂದರೆ ಪೂರ್ತಿ ಹೋಯ್ತು ಅಂತ. ಉತ್ತರ ಕರ್ನಾಟಕದ 'ಆರಾಮ' ಕೂಡ ಹಾಗೇ. 'ಆರಾಮ ಅದೇನಿ' ಈ ಹೊತ್ತಿನ ಮಾತು, 'ಆರಾಮ ಆಗೇತಿ' ಮುಗಿದುಹೋದದ್ದರ ಮಾತು. ಒಂದು ಕ್ರಿಯಾಪದದ ಮೇಲೆ ಮಾತ್ರೆ ನಿಲ್ಲುವುದೋ ಬಿಡುವುದೋ ತೀರ್ಮಾನವಾದರೆ ಕಷ್ಟ.

'ತಣ್ಣಗಿದೆ' ಅಂತ ಯೋಚಿಸಿದೆ. 'ಹೊಟ್ಟೆ ತಣ್ಣಗಿರಲಿ' ಅನ್ನುವ ಹರಕೆಯ ಮಾತಿನ ಹತ್ತಿರವಿದೆ, ಕಿವಿಗೂ ಇಂಪು. ಆದರೆ ಅದು ನೇರ ಉಷ್ಣ-ಶೀತದ ಲೆಕ್ಕಕ್ಕೆ ಹೋಗಿಬಿಡುತ್ತದೆ. ಮಾತ್ರೆ ಹೀಟು, ಕಾಯಿಲೆ ತಣ್ಣಗಿದೆ, ಹಾಗಾದರೆ ಮಾತ್ರೆ ಬೇಡ ಅಂತ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಸದ್ಯ ನನ್ನ ಒಲವು 'ಅಡಗು' ಕಡೆಗೆ. ಗಾಳಿ ಅಡಗಿತು, ಸಿಟ್ಟು ಅಡಗಿತು ಅಂತೀವಲ್ಲ, ಆ ಅಡಗು. ಹೋಯ್ತು ಅನ್ನುವ ಅರ್ಥ ಅದರಲ್ಲಿಲ್ಲ. ಜೋರು ಇಳಿದಿದೆ, ಮತ್ತೆ ಏಳಬಹುದು ಅನ್ನುವುದು ಪದದೊಳಗೇ ಇದೆ. 'ಮಾತ್ರೆಯಿಂದ ಕಾಯಿಲೆ ಅಡಗಿದೆ' ಅಂದರೆ ಮಾತ್ರೆ ಯಾಕೆ ಮುಂದುವರಿಯಬೇಕು ಅನ್ನುವುದಕ್ಕೂ ಉತ್ತರ ಸಿಕ್ಕಿತು. ನನ್ನ ಅಳುಕು ಒಂದೇ: 'ಅಡಗಿ ಕೂತಿದೆ' ಅನ್ನುವ ಇನ್ನೊಂದು ಅರ್ಥ ಬಸುರಿಯನ್ನು ಹೆದರಿಸುತ್ತದೆಯೇ? ಮಗು ಬೇಕು ಅಂತ ಧೈರ್ಯ ಮಾಡಿ ಬಂದವಳ ಕೈಗೆ ಬೂದಿ ಮುಚ್ಚಿದ ಕೆಂಡ ಕೊಟ್ಟಂತೆ ಆಗಬಾರದು. 'ಹತೋಟಿಯಲ್ಲಿದೆ' ಇಟ್ಟುಕೊಳ್ಳಬಹುದು, ಶುಗರ್‌ಗೂ ಬಿಪಿಗೂ ಅದೇ ನಡೆಯುತ್ತದೆ. ಯಾವುದು ಮೇಲು?

ಇದರ ಎದುರು ಪದಕ್ಕೆ, ಅಂದರೆ ಕಾಯಿಲೆ ಮತ್ತೆ ಜೋರಾಗುವುದಕ್ಕೆ, 'ಕೆರಳು' ಸರಿಯಾಗಿ ಕೂರುತ್ತದೆ. ಹುಣ್ಣು ಕೆರಳಿತು ಅಂತ ಎಲ್ಲರೂ ಅನ್ನುತ್ತಾರೆ. 'ಕೆರಳಿಸಿಕೊಂಡಳು' ಅನ್ನುವ ರೂಪ ಮಾತ್ರ ಎಲ್ಲೂ ಬರದಂತೆ ನೋಡಿಕೊಂಡಿದ್ದೇನೆ. ತಪ್ಪು ಆ ಹೆಣ್ಣಿನ ಮೇಲೆ ಹೋಗುತ್ತದೆ.

ಇನ್ನೊಂದು ವಾಕ್ಯದ ಬಗ್ಗೆಯೂ ಹೇಳಬೇಕು. ಲೂಪಸ್‌ಗೆ ಕೊಡುವ ಮೈಕೋಫಿನೋಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುವ ಔಷಧಿ. ಬಸುರಿಗೆ ಕನಿಷ್ಠ 6 ವಾರ ಮೊದಲೇ ಅದನ್ನು ಬಿಡಿಸಿ, ಅದರ ಬದಲು ಸಾಮಾನ್ಯವಾಗಿ ಅಜಾಥಯೋಪ್ರಿನ್ ಕೊಡುತ್ತಾರೆ. ಕರಡಿನಲ್ಲಿ 'ನಿಲ್ಲಿಸಬೇಕು' ಅಂತಿತ್ತು, 'ಡಾಕ್ಟರು ಬದಲಿಸಿಕೊಡುತ್ತಾರೆ' ಅಂತ ತಿದ್ದಿದೆ. 'ನಿಲ್ಲಿಸು' ಅನ್ನುವ ಪದ ಈ ಕೈಪಿಡಿಯಲ್ಲಿ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಈಗ ಹೆಸರೇ ದಾರಿ ತಪ್ಪಿಸುವ ಒಂದು ಪದ: 'ಲೂಪಸ್ ಆಂಟಿಕೋಆಗ್ಯುಲೆಂಟ್'. ಲ್ಯಾಬ್ ರಿಪೋರ್ಟಿನಲ್ಲಿ ಹೀಗೇ ಇರುತ್ತದೆ, ಪಕ್ಕದಲ್ಲಿ ಪಾಸಿಟಿವ್ ಅಂತ. ಅಕ್ಷರಶಃ ಕನ್ನಡಿಸಿದರೆ 'ಲೂಪಸ್ ಹೆಪ್ಪುರೋಧಕ'. ಓದಿದವರು ರಕ್ತ ತೆಳ್ಳಗಾಗಿದೆ ಅಂದುಕೊಳ್ಳುತ್ತಾರೆ. ವಿಷಯ ಪೂರ್ತಿ ಉಲ್ಟಾ. ಲ್ಯಾಬಿನ ಕೊಳವೆಯಲ್ಲಿ ಈ ಪ್ರತಿಕಾಯ (ರೋಗನಿರೋಧಕ ಶಕ್ತಿ ತಯಾರಿಸುವ ಆಂಟಿಬಾಡಿ) ರಕ್ತ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ, ಹಾಗಾಗಿ ಆ ಹೆಸರು. ಮೈಯೊಳಗೆ ಅದು ಹೆಪ್ಪುಗಟ್ಟಿಸಬಲ್ಲದು. ಮಾಸಿನ ಕೆಲಸ ಕೆಡಿಸಿ ಬಸಿರು ನಿಲ್ಲದಂತೆ ಮಾಡಬಲ್ಲದು. ಅದು ಇರುವ ಎಷ್ಟೋ ಜನರಿಗೆ ಲೂಪಸ್ಸೂ ಇರುವುದಿಲ್ಲ. 12 ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ಹಿಂದೆ ಬಸಿರು ಕಳೆದುಕೊಂಡವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಜೊತೆ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. 'ಹೆಪ್ಪುರೋಧಕ ಪಾಸಿಟಿವ್' ಅಂತ ಓದಿದವಳು ಹೊಟ್ಟೆಗೆ ದಿನಾ ಆ ಸೂಜಿ ಚುಚ್ಚಿಕೊಳ್ಳಲು ಯಾಕೆ ಒಪ್ಪಬೇಕು? ನಾನು ರಿಪೋರ್ಟಿನ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ 'ಹೆಪ್ಪುಗಟ್ಟಿಸುವ ಪ್ರತಿಕಾಯ' ಅಂತ ವಿವರಿಸಿದ್ದೇನೆ. ಅನುವಾದಕ್ಕೆ ನಿಷ್ಠವಲ್ಲ, ಆದರೆ ಇದನ್ನು ಬಿಡಲು ನನಗೆ ಮನಸ್ಸಿಲ್ಲ.

'ನಿಯೋನೇಟಲ್ ಲೂಪಸ್' (ಅಕ್ಷರಶಃ, ಹುಟ್ಟಿದ ಮಗುವಿನ ಲೂಪಸ್) ಕೂಡ ಹೀಗೇ. ತಾಯಿಯ ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯ ಇದ್ದರೆ ಅದು ಮಗುವಿಗೂ ದಾಟಬಹುದು. ಕೆಲವು ಮಕ್ಕಳ ಚರ್ಮದಲ್ಲಿ ಕೆಂಪು ಕಲೆ ಏಳುತ್ತದೆ, ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಇಂಥ ತಾಯಂದಿರ ನೂರಕ್ಕೆ ಒಂದೆರಡು ಮಕ್ಕಳಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರಬಹುದು, ಅದು ಹೋಗುವಂಥದ್ದಲ್ಲ. ಅದಕ್ಕೇ ಬಸುರಿನ ನಡುಗಾಲದಲ್ಲಿ ಮಗುವಿನ ಹೃದಯದ ಸ್ಕ್ಯಾನ್. ಮಗುವಿಗೆ ಲೂಪಸ್ ಬಂದಿದೆ ಅಂತ ಅಲ್ಲ. 'ಶಿಶು ಲೂಪಸ್' ಅಂತ ನಾನು ಬರೆಯಲಾರೆ.

'ಗರ್ಭನಂಜು' ಇಟ್ಟುಕೊಳ್ಳಬೇಕೇ? 20 ವಾರದ ನಂತರ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ. ಲೂಪಸ್ ಇರುವವರಿಗೆ ಇದು ಜಾಸ್ತಿ, ಅದಕ್ಕಾಗಿಯೇ 12ನೇ ವಾರದ ಹೊತ್ತಿಗೆ ಆಸ್ಪಿರಿನ್ ಶುರುಮಾಡುತ್ತಾರೆ. ನಂಜು ಅಂದ ಕೂಡಲೇ ಮನೆಯಲ್ಲಿ ಬದನೆಕಾಯಿ ಬಿಡಿಸುತ್ತಾರೆ, ಬಿಪಿ ನೋಡಿಸುವುದು ಹಿಂದೆ ಬೀಳುತ್ತದೆ. 'ಬಸುರಿನ ಬಿಪಿ' ಸಾಕು ಅನಿಸುತ್ತದೆ.

ಕೊನೆಗೆ ಬಾಣಂತನದ ಭಾಗಕ್ಕೆ ಒಂದು ಕೇಳಿಕೆ. ಹೆರಿಗೆಯಾದ ಮೇಲೂ ಕಾಯಿಲೆ ಕೆರಳಬಹುದು. ಕೈ ಬೆರಳ ಗಿಣ್ಣು ಊದಿಕೊಂಡು ಮಗು ಎತ್ತಲು ಆಗದಿದ್ದರೆ 'ಹಸಿ ಮೈಯಲ್ಲಿ ತಣ್ಣೀರು ಮುಟ್ಟಿದ್ದಕ್ಕೆ' ಅಂತಾರೆ, ಜ್ವರ ಬಂದರೆ 'ಬಾಣಂತಿ ಸನ್ನಿ' ಅಂತಾರೆ. ಹೀಗೆ ಕಷಾಯದಲ್ಲೇ ವಾರಗಳು ಹೋಗುತ್ತವೆ. ನಿಮ್ಮ ಕಡೆ ಬಾಣಂತಿಯ ಕೀಲುನೋವಿಗೆ, ಜ್ವರಕ್ಕೆ ಏನೇನು ಹೆಸರಿದೆ? ಊರು ಅಥವಾ ಸೀಮೆಯ ಹೆಸರಿನ ಜೊತೆ ಬರೆಯಿರಿ. ಆ ಹೆಸರುಗಳನ್ನೇ ಕೈಪಿಡಿಯಲ್ಲಿ ಹಾಕಿ, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರಿಗೆ ತೋರಿಸಿ ಅಂತ ಬರೆಯಬೇಕೆಂದಿದ್ದೇನೆ.